ಮೆಟ್ಟಿಲಿಗೊಂದು ಹಾಸು

ನಮ್ಮೂರಿನಲ್ಲಿ ಬೆಳಗ್ಗೆ ಎದ್ದ ಕೂಡಲೇ ಯಾರೂ ಮಹಡಿಯಿಂದ ಕೆಳಗಿಳಿಯುವುದಿಲ್ಲ. ಹಾಲಿನವನು ಬಾಗಿಲು ಬಡಿಯುತ್ತಿರಲಿ, ಹೊಟ್ಟೆ ತಾಳ ಹಾಕುತ್ತಿರಲಿ, ಮೆಟ್ಟಿಲು ಕೂಗುವ ತನಕ ಹಾಸಿಗೆಯ ಮೇಲೆ ಕೂತಿರಬೇಕು. ರಾತ್ರಿ ನಾವು ಮಲಗಿರುವಾಗ ಮೆಟ್ಟಿಲುಗಳೂ ಮಗ್ಗುಲು ಬದಲಿಸುತ್ತವೆ. ನಿನ್ನೆ ಗೇಣೆತ್ತರ ಇದ್ದದ್ದು ಇವತ್ತು ನಾಲ್ಕು ಬೆರಳಿಗೆ ಇಳಿದಿರುತ್ತದೆ, ನಾಲ್ಕು ಬೆರಳಿನದು ಮೊಣಕಾಲಿಗೆ ಬಂದಿರುತ್ತದೆ. ಬೆಳಕು ಹರಿದ ಮೇಲೆ ಮತ್ತೆ ಕತ್ತಲಾಗುವವರೆಗೆ ಅಲುಗಾಡುವುದಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡಿವೆ. ಹಾಗಾಗಿ ಪ್ರತಿ ಮನೆಯಲ್ಲೂ ಒಬ್ಬರು ನಸುಕಿನಲ್ಲಿ ಬರಿಗಾಲಲ್ಲಿ ತಡವಿಕೊಂಡು ಇಳಿಯುತ್ತಾ, ಮೊದಲನೇದು ಸರಿ, ಅದರ ಕೆಳಗಿಂದು ಗಿಡ್ಡ, ತಿರುವಿನದು ಎತ್ತರ ಎಂದು ಕೂಗಿ ಹೇಳುತ್ತಾರೆ. ಕೇಳಿಸಿಕೊಂಡವರು ಇಡೀ ದಿನ ಅದನ್ನು ಕಾಲಲ್ಲಿಟ್ಟುಕೊಂಡು ಓಡಾಡುತ್ತಾರೆ.

ನಮ್ಮೂರು ಎಂದೆ. ನಿಜವಾಗಿ ಅದು ನನ್ನ ಹೆಂಡತಿ ಇಂದುಮತಿಯ ಊರು. ನಾನು ಮನೆ ಅಳಿಯ. ಸಪಾಟಾದ ಊರಿನಿಂದ ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ಬಂದವನು ಅತ್ತೆಯ ಮನೆಯ ಕೆಳಗಿನ ಕೋಣೆಯಲ್ಲೇ ದರ್ಜಿ ಅಂಗಡಿ ಹಾಕಿಕೊಂಡೆ. ಇಷ್ಟೆಲ್ಲ ಪಾಡು ಪಡುವ ಬದಲು ಕೆಳಗೇ ಮಲಗಬಾರದೇ ಎಂದು ಬಂದ ಹೊಸತರಲ್ಲಿ ಕೇಳಿದ್ದೆ. ಅತ್ತೆ ಚೆನ್ನಾಜಮ್ಮ, ಬಡಿಸಿದ ಎಲೆಗೆ ಕಾಲಿಟ್ಟವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಕೆಳಗೆ ಮಲಗುವವರು ಯಾರೆಂದು ಆಮೇಲೆ ಗೊತ್ತಾಯಿತು. ಕಾಲು ಸೋತು ಕೂಗುವುದನ್ನು ಬಿಟ್ಟವರ ಹಾಸಿಗೆಯನ್ನು ಆ ದಿನವೇ ಕೆಳಕ್ಕೆ ತರುತ್ತಾರೆ. ಅವರು ಮತ್ತೆ ಮಹಡಿ ಹತ್ತುವ ಹಾಗಿಲ್ಲ. ನಮ್ಮ ಬೀದಿಯಲ್ಲಿ ಮಧ್ಯಾಹ್ನ ಅಡ್ಡಾಡಿದರೆ ಕಿಟಕಿಯ ಪಕ್ಕದ ಮಂಚಗಳಲ್ಲಿ ಅಂಥ ಮುದುಕರು ಮುದುಕಿಯರು ಛಾವಣಿಯ ಕಡೆ ಮುಖ ಮಾಡಿ ಮಲಗಿರುವುದು ಕಾಣುತ್ತದೆ.

ನಮ್ಮ ಮನೆಯಲ್ಲಿ ಅತ್ತೆಯೇ ಕೂಗುತ್ತಿದ್ದರು. ಮಾವನವರು ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಅವರ ದನಿಗೇ ಮನೆ ಎದ್ದಿದೆ. ನಾನು ಕೂಗುವ ಪ್ರಶ್ನೆಯೇ ಇರಲಿಲ್ಲ. ಹೊರಗಿನ ಕಾಲಿಗೆ ಇಲ್ಲಿನ ಕಲ್ಲು ಒಲಿಯುವುದಿಲ್ಲವೆಂದು ಊರಿನ ನಂಬಿಕೆ, ಮನೆ ಅಳಿಯನ ಕಾಲಿಗಂತೂ ಸುತರಾಂ ಇಲ್ಲ. ಅತ್ತೆಯ ನಂತರದ ಸರದಿ ಅವರ ಮಗಳು ಇಂದುವಿನದು. ಆದರೆ ಅವಳು ಬಸುರಿ. ಏಳು ತಿಂಗಳು ತುಂಬಿತ್ತು, ತನ್ನ ಪಾದ ತನಗೇ ಕಾಣಿಸುತ್ತಿರಲಿಲ್ಲ.

ಅಂಥದ್ದರಲ್ಲಿ ಒಂದು ಬೆಳಗ್ಗೆ ಅವಳು ಜಾರಿದಳು. ಅತ್ತೆ ಸರಿ ಎಂದು ಕೂಗಿದ್ದ ತಿರುವಿನ ಮೆಟ್ಟಿಲು ಸರಿ ಇರಲಿಲ್ಲ, ತಗ್ಗಿತ್ತು. ಅವಳು ಹಿಂದಕ್ಕೆ ವಾಲಿ ದೊಪ್ಪೆಂದು ಕೂತಳು. ದೇವರ ದಯೆ, ಏನೂ ಆಗಲಿಲ್ಲ. ನರ್ಸ್ ಫಿಲೋಮಿನಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ, ಮಗು ಒಳಗೆ ಆರಾಮಾಗಿದೆ, ಅಪ್ಪನಿಗೇ ಗಾಬರಿ ಜಾಸ್ತಿ ಎಂದು ನಕ್ಕು ಹೋದರು. ಅತ್ತೆ ಮಾತ್ರ ಆ ದಿನ ಊಟ ಮಾಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ನಡೆಯಲಾರದೆ ಬಿದ್ದೆ ಬಿಡು ಎಂದು ಇಂದು ಅವರನ್ನು ನಗಿಸಲು ನೋಡಿದಳು. ನೆಲ ನಿಜಕ್ಕೂ ಡೊಂಕಾಗಿರುವ ಊರಿನಲ್ಲಿ ಆ ಗಾದೆಗೆ ಯಾರೂ ನಗುವುದಿಲ್ಲ.

ಅಂದಿನಿಂದ ನಾನು ಕಾಲು ಸುಟ್ಟ ಬೆಕ್ಕಿನ ಹಾಗಾದೆ. ಯಂತ್ರದ ಮುಂದೆ ಕೂತರೆ ಮೇಲೆ ಅವಳು ನಡೆದ ಸದ್ದು. ಹೊಲಿಗೆ ನಿಲ್ಲಿಸಿ ಮೆಟ್ಟಿಲ ಬುಡಕ್ಕೆ ಓಡುತ್ತಿದ್ದೆ. ಅವಳು ಇಳಿಯದಿದ್ದರೆ ಯಾಕೆ ಇಳಿಯಲಿಲ್ಲ ಎಂದು ಮತ್ತೆ ಹತ್ತುತ್ತಿದ್ದೆ. ಅಂಗಿಗಳಿಗೆ ತೋಳು ಉಲ್ಟಾ ಕೂರಿಸಿದೆ, ಗಿರಾಕಿಗಳ ಹತ್ತಿರ ಬೈಸಿಕೊಂಡೆ. ಕೊನೆಗೆ ನನ್ನ ದರ್ಜಿ ಬುದ್ಧಿಗೆ ಹೊಳೆದದ್ದು ಒಂದೇ. ಮೆಟ್ಟಿಲಿಗೆ ಮೆತ್ತಗಿನ ಹಾಸು ಹಾಕಿಬಿಡುವುದು. ಬಿದ್ದರೂ ಪೆಟ್ಟಾಗಬಾರದು.

ಊರಿನಲ್ಲಿ ಮೆಟ್ಟಿಲಿಗೆ ಹಾಸು ಹಾಕುವುದನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ ಎನ್ನುತ್ತಾರೆ. ಅತ್ತೆ ಜಗಳಕ್ಕೆ ನಿಲ್ಲುತ್ತಾರೆಂದು ನಾನು ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡು ಹೋದೆ. ಅವರು ಒಂದೇ ಮಾತಿಗೆ ಒಪ್ಪಿಬಿಟ್ಟರು. ದಪ್ಪಗಿರುವುದನ್ನೇ ತರಬೇಕು, ಬೇಗ ತರಬೇಕು ಎಂದೂ ಹೇಳಿದರು. ಬೇಡವೆಂದವಳು ಇಂದು. ಮೆತ್ತಗಿದ್ದರೆ ಕಾಲು ಸುಳ್ಳು ಹೇಳುತ್ತದೆ, ಬಿದ್ದ ಮೇಲಿನ ಮಾತು ಬಿಡಿ, ಬೀಳದ ಹಾಗೆ ಏನಾದರೂ ಇದ್ದರೆ ನೋಡಿ ಎಂದಳು. ತಾಯಿ ಹೂಂ ಎಂದ ಮೇಲೆ ಮಗಳ ಮಾತನ್ನು ಯಾರು ಕೇಳುತ್ತಾರೆ? ನಾನು ಅಂಗಡಿಗೆ ಬೀಗ ಹಾಕಿ ರತ್ನಗಂಬಳಿ ಮಾರುವ ದಸ್ತಗೀರ್ ಸಾಹೇಬರ ಹತ್ತಿರ ಓಡಿದೆ.

ದಸ್ತಗೀರ್ ಸಾಹೇಬರು ಮಾತಿನ ಮಲ್ಲರು. ಅಂಗಡಿಯ ನಡುವೆ ಗಿರಾಕಿಗಳಿಗೆ ತೋರಿಸಲು ಒಂದು ಪುಟ್ಟ ಮರದ ಮೆಟ್ಟಿಲು ಇಟ್ಟಿದ್ದರು. ಅದೂ ಈ ಊರಿನದೇ ಆದ್ದರಿಂದ ಆ ದಿನ ಅದರ ನಡುವಿನದು ಮುನಿಸಿಕೊಂಡು ಮೇಲೆದ್ದಿತ್ತು. ಒಂದೊಂದೇ ಸುರುಳಿ ಬಿಚ್ಚಿ ಅದರ ಮೇಲೆ ಹಾಸಿ ತೋರಿಸಿದರು. ಉದ್ದ ಕೂದಲಿನ ಮೆತ್ತನೆಯದು, ಹೂಬಳ್ಳಿಯ ಚಿತ್ತಾರದ್ದು, ತೆಂಗಿನ ನಾರಿನ ಒರಟು, ಕೂದಲು ಗಿಡ್ಡ ಕತ್ತರಿಸಿ ಒತ್ತಾಗಿ ನೇಯ್ದ ತೆಳ್ಳನೆಯದು. ನಾನು ದರ್ಜಿಯಲ್ಲವೇ, ಎಲ್ಲವನ್ನೂ ಬೆರಳಲ್ಲಿ ಉಜ್ಜಿ ನೋಡಿದೆ. ಬಟ್ಟೆ ನನ್ನ ಕೈಗೆ ಸುಳ್ಳು ಹೇಳುವುದಿಲ್ಲವೆಂಬ ಜಂಬ ನನಗೆ. ಉದ್ದ ಕೂದಲಿನ ಗಂಬಳಿಯೊಳಗೆ ಬೆರಳು ಮುಳುಗಿದಾಗ ಮಗುವನ್ನು ಇದರ ಮೇಲೇ ಮಲಗಿಸಬಹುದು ಎನ್ನಿಸಿತು. ಗಂಬಳಿಯನ್ನು ಮುಟ್ಟುವುದು ಕೈಯಲ್ಲ, ಕಾಲು ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಸಾಹೇಬರಿಗೂ ಹೊಳೆದಿರಲಿಕ್ಕಿಲ್ಲ, ಊರಿಗೆಲ್ಲ ಮೆಟ್ಟಿಲ ಹಾಸು ಮಾರುವ ಅವರ ಮನೆಗೆ ಮಹಡಿಯೇ ಇಲ್ಲ.

ಮೇಲಿನಿಂದ ಕೆಳಗಿನವರೆಗೆ ಒಂದೇ ಪಟ್ಟಿ ಹಾಸಿ, ಹರಿಯುವ ಹೊಳೆಯ ಹಾಗೆ ಕಾಣುತ್ತದೆ ಎಂದರು ಸಾಹೇಬರು. ಅದನ್ನು ಮಾತ್ರ ನಾನು ಒಪ್ಪಲಿಲ್ಲ. ಎದುರುಮನೆಯ ವೀರಭದ್ರಯ್ಯನವರು ಹಿಂದಿನ ವರ್ಷ ಹಾಗೆ ಕೆಂಪು ಪಟ್ಟಿ ಹಾಸಿಸಿದ್ದರು. ಒಂದು ರಾತ್ರಿ ನಡುವಿನ ಮೆಟ್ಟಿಲು ತಗ್ಗಿತು. ಅದರ ಹಿಂದಿನದೂ ಮುಂದಿನದೂ ಗಂಬಳಿಯನ್ನು ಎರಡು ಕಡೆಯಿಂದ ಎಳೆದು ಹಿಡಿದವು. ಮೇಲೆ ಡೇರೆಯಂತೆ ಬಿಗಿದ ಗಂಬಳಿ, ಕೆಳಗೆ ಪೊಳ್ಳು. ಅವರ ಮನೆಯಲ್ಲಿ ಕೂಗುವ ತಂಗಿ ಹಗುರ ಮೈಯವರು, ಅದರ ಮೇಲೆ ದಾಟಿಕೊಂಡು ಎಲ್ಲ ಸರಿ ಎಂದು ಕೂಗಿದರು. ಹಿಂದೆಯೇ ಬಂದ ವೀರಭದ್ರಯ್ಯನವರ ಭಾರಕ್ಕೆ ಗಂಬಳಿ ಕುಸಿಯಿತು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಅವರು ಮಳೆಗಾಲವೆಲ್ಲ ಮೇಲಿನ ಕಿಟಕಿಯಲ್ಲೇ ಕಳೆದರು.

ಹಾಗಾಗಿ ಮೆಟ್ಟಿಲಿಗೊಂದು ಬೇರೆ ತುಂಡೇ ಸರಿ ಎಂದು, ಯಾವುದು ಒಗ್ಗುತ್ತದೆಂದು ನೋಡಲು ಎಲ್ಲ ಬಗೆಯದರಲ್ಲೂ ಒಂದೊಂದು ತುಂಡು ಕೇಳಿ ತಂದೆ. ಆ ಸಂಜೆ ಒಂದೊಂದು ಮೆಟ್ಟಿಲಿಗೆ ಒಂದೊಂದು ತುಂಡು ಹಾಕಿ, ಮೂಲೆಗಳಿಗೆ ಸಣ್ಣ ಮೊಳೆ ಹೊಡೆದೆ. ಕಲ್ಲಿನ ಸಂದಿಯಲ್ಲಿ ಮರದ ಚಕ್ಕೆ ತುರುಕಿ ಅದಕ್ಕೆ ಮೊಳೆ ಕೂರಿಸಬೇಕು, ಗಡಿಬಿಡಿಯವನ ಕೈಗೆ ಆಗುವ ಕೆಲಸವಲ್ಲ. ಆದರೂ ಮಾಡಿದೆ. ಮೇಲೆ ಕೆಳಗೆ ಹತ್ತು ಸಲ ಓಡಾಡಿದೆ. ಇಂದು ಮೇಲಿನಿಂದ ನೋಡಿ, ಆ ಹೂಬಳ್ಳಿಯಲ್ಲಿ ಮೆಟ್ಟಿಲಿನ ಅಂಚೇ ಕಾಣಿಸುವುದಿಲ್ಲ ಎಂದಳು. ಅತ್ತೆ ಮೆತ್ತನೆಯ ತುಂಡನ್ನು ಅಂಗೈಯಲ್ಲಿ ಸವರಿ ಇದೇ ಇರಲಿ ಎಂದರು. ಕಾಲಿಟ್ಟು ನೋಡಿ ಎಂದರೆ, ನೋಡೋಣ ನೋಡೋಣ ಎಂದು ಒಳಗೆ ಹೋದರು.

ಮರುದಿನ ನಸುಕಿನಲ್ಲಿ ಅತ್ತೆ ಇಳಿಯತೊಡಗಿದಾಗ ನಾನು ಆಗಲೇ ಎದ್ದು ಮೆಟ್ಟಿಲ ತಲೆಯಲ್ಲಿ ಕೂತಿದ್ದೆ. ಹಾಸಿನ ಮೇಲೆ ಅವರ ಕಾಲು ಹೇಗೆ ನಡೆಯುತ್ತದೆಂದು ನೋಡುವ ಆಸೆ. ಸರಿ, ಗಿಡ್ಡ, ಸರಿ ಎಂದು ಕೂಗುತ್ತಾ ಅವರು ತಿಳಿಬಣ್ಣದ ತೆಳ್ಳನೆಯ ತುಂಡು ದಾಟಿದರು. ದಾಟಿದ ಮೇಲೆ ಆ ತುಂಡಿನ ಮೇಲೆ ಏನೋ ಕಂಡಿತು. ಹತ್ತಿರ ಹೋಗಿ ನೋಡಿದರೆ ನನ್ನ ಮೊಳೆಯೊಂದು ಸಡಿಲವಾಗಿ ಮೇಲೆದ್ದು ನಿಂತಿತ್ತು, ಅದರ ಸುತ್ತ ರಕ್ತ. ಅದರ ಕೆಳಗಿನ ಮೆಟ್ಟಿಲಿನಲ್ಲೂ ರಕ್ತ, ಅದರ ಕೆಳಗೂ. ಅತ್ತೆ ಮಾತ್ರ ಒಂದು ಸಲವೂ ಅಯ್ಯೋ ಎನ್ನದೆ ಕೂಗುತ್ತಲೇ ಇಳಿಯುತ್ತಿದ್ದರು. ನಾನು ಗೋಡೆ ಹಿಡಿದು ಅವರ ಹಿಂದೆಯೇ ಇಳಿದೆ.

ಕೆಳಗೆ ಅವರನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ, ಕತ್ತರಿಸಿಟ್ಟ ಬಟ್ಟೆಯಲ್ಲಿ ಪಾದ ಒತ್ತಿ ಹಿಡಿದೆ. ಅವರು ಗಾಯ ನೋಡಿದರು, ನನ್ನ ಮುಖ ನೋಡಿದರು. ಎಂದಿನಿಂದ ಹೀಗೆ ಎಂದು ಕೇಳಿದೆ.

"ಸಕ್ಕರೆ ಕಾಯಿಲೆ ಶುರುವಾದಾಗ್ಲಿಂದ. ಮೊದಲು ಬೆರಳು ಹೋಯ್ತು, ಆಮೇಲೆ ಹಿಮ್ಮಡಿ. ಈಗ ಕೆಂಡ ತುಳಿದ್ರೂ ಗೊತ್ತಾಗಲ್ಲ ಅಳಿಯಂದ್ರೇ."

ಹಾಗಾದರೆ ದಿನಾ ಕೂಗುವುದು ಹೇಗೆ ಎಂದೆ. ಕೆಲವು ಸಲ ಮಂಡಿ ಹೇಳುತ್ತದೆ, ಉಳಿದದ್ದು ಅಂದಾಜು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಆ ಅಂದಾಜಿನ ಮೇಲೆಯೇ ನಿಮ್ಮ ಮಗಳು ಬಿದ್ದದ್ದು, ಗಂಬಳಿ ದಪ್ಪಗಿರಲಿ ಎಂದದ್ದು ಇದಕ್ಕೇ, ಅಂದಾಜು ಕೈಕೊಟ್ಟಾಗ ತಪ್ಪನ್ನು ಗಂಬಳಿಯ ಮೇಲೆ ಹಾಕಲು ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ಅತ್ತೆಗೆ ಹಾಗೆ ಮಾತಾಡಿದ್ದು ಅದೇ ಮೊದಲು, ಅದೇ ಕೊನೆ.

"ಹೌದು, ಅದಕ್ಕೇ. ನನ್ನ ಕೆಳಗಿಳಿಸಿಬಿಟ್ರೆ ಮಗು ಹುಟ್ಟೋದು ಮೇಲೆ. ಮೂರು ತಿಂಗಳು ಬಾಣಂತೀನೂ ಇಳಿಯಲ್ಲ, ಮಗೂನೂ ಇಳಿಯಲ್ಲ. ಅಷ್ಟು ದಿನ ನಾನು ಇಲ್ಲಿ ಛಾವಣಿ ನೋಡ್ಕೊಂಡು ಮಲಗಿರ್ಬೇಕಾ? ಅದರ ಅಳು ಕೇಳುತ್ತೆ, ಮುಖ ಕಾಣಲ್ಲ. ಹೆರಿಗೆ ಆಗೋವರೆಗೆ ಒಂದಿಷ್ಟು ದಿನ ತಳ್ಳೋಣ ಅಂತಿದ್ದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವರ ಪಾದ ನನ್ನ ಕೈಯಲ್ಲೇ ಇತ್ತು, ಒಣಗಿದ ಕಟ್ಟಿಗೆಯ ಹಾಗೆ. ಇಂದುವಿಗೆ ಹೇಳುವುದಿಲ್ಲ ಎಂದೆ. ಆದರೆ ಅಂದಾಜು ಇವತ್ತಿಗೆ ಮುಗಿಯಿತು, ನಾಳೆಯಿಂದ ನಿಮ್ಮ ಕೈ ಹಿಡಿದುಕೊಂಡು ನಾನು ಒಂದು ಮೆಟ್ಟಿಲು ಮುಂದೆ ಇಳಿಯುತ್ತೇನೆ, ನನ್ನ ಕಾಲಿಗೆ ಗೊತ್ತಾದದ್ದನ್ನು ನೀವು ಕೂಗಬೇಕು ಎಂದೆ. ಹೊರಗಿನ ಕಾಲು ಎಂದು ಅವರು ಗೊಣಗಿದರು. ಇರುವುದು ಇದೊಂದೇ ಎಂದೆ.

ಅವತ್ತೇ ದಸ್ತಗೀರ್ ಸಾಹೇಬರ ಹತ್ತಿರ ಹೋಗಿ, ಚಪ್ಪಲಿ ಕಳಚಿ, ಆ ಮರದ ಮೆಟ್ಟಿಲಿನ ಮೇಲೆ ಎಲ್ಲ ಗಂಬಳಿಗಳನ್ನೂ ತುಳಿದು ನೋಡಿದೆ. ಮೆತ್ತನೆಯದರ ಮೇಲೆ ಕಾಲು ಮುಳುಗಿ ಅಂಚು ಎಲ್ಲಿ ಮುಗಿಯಿತೆಂದೇ ತಿಳಿಯಲಿಲ್ಲ. ನಾರಿನದು ಹಿಡಿತಕ್ಕೇನೋ ಸೈ, ಆದರೆ ಬರಿಗಾಲನ್ನು ಚುಚ್ಚುತ್ತದೆ, ಚುಚ್ಚಿಸಿಕೊಂಡ ಕಾಲು ಅವಸರ ಮಾಡುತ್ತದೆ. ಗಿಡ್ಡ ಕೂದಲಿನ ತೆಳ್ಳನೆಯದೊಂದೇ ಕಲ್ಲಿನ ಮೇಲೆ ಚರ್ಮದಂತೆ ಕೂತಿತು. ಜಾರಲಿಲ್ಲ, ಹಾಗೆಂದು ಏನನ್ನೂ ಮುಚ್ಚಿಡಲೂ ಇಲ್ಲ. ಇಷ್ಟು ಬಡಕಲನ್ನು ಯಾಕೆ ಒಯ್ಯುತ್ತೀರಿ, ಜನ ಜಿಪುಣ ಅಂದಾರು ಎಂದು ಸಾಹೇಬರು ಮರುಗಿದರು. ನಾನು ಅದನ್ನೇ ಬೂದಿ ಬಣ್ಣದಲ್ಲಿ ತಂದು, ಮೆಟ್ಟಿಲಿಗೊಂದರಂತೆ ಬೇರೆ ಬೇರೆ ತುಂಡು ಕತ್ತರಿಸಿ, ಅಂಚಿಗೆ ಬಿಳಿ ದಾರದ ದಪ್ಪ ಹೊಲಿಗೆ ಹಾಕಿದೆ. ಮೊಳೆಯ ಸಹವಾಸ ಬಿಟ್ಟು ಗೋಂದಿನಲ್ಲಿ ಅಂಚು ಸುತ್ತಿ ಬಿಗಿಯಾಗಿ ಅಂಟಿಸಿದೆ. ಇಂದು ಗೋಡೆ ಹಿಡಿದು ಇಳಿದು, ಹತ್ತಿ, ಬಿಳಿ ಗೆರೆ ಹೊಟ್ಟೆಯ ಆಚೆಯಿಂದಲೂ ಕಾಣುತ್ತದೆ ಎಂದಳು. ಅದು ಅವಳ ಬಾಯಿಂದ ಬಂದ ದೊಡ್ಡ ಹೊಗಳಿಕೆ.

ದಿನವೂ ನಸುಕಿನಲ್ಲಿ ನಮ್ಮ ನಾಟಕ ನಡೆಯಿತು. ವಯಸ್ಸಾದವರನ್ನು ಕೈಹಿಡಿದು ಇಳಿಸುವ ಒಳ್ಳೆಯ ಅಳಿಯನಂತೆ ನಾನು ಮುಂದೆ. ಮೆಟ್ಟಿಲು ಗಿಡ್ಡವಾದರೆ ಅತ್ತೆಯ ಅಂಗೈ ಒಂದು ಸಲ ಒತ್ತುತ್ತಿದ್ದೆ, ಎತ್ತರವಾದರೆ ಎರಡು ಸಲ. ಅವರು ಗತ್ತಿನಲ್ಲಿ ಕೂಗುತ್ತಿದ್ದರು. ಮೊದಮೊದಲು ನನ್ನ ಕಾಲು ತಬ್ಬಿಬ್ಬಾಗುತ್ತಿತ್ತು. ಬರಬರುತ್ತಾ ಬೆರಳ ತುದಿ ಅಂಚು ದಾಟುವ ಮುಂಚೆಯೇ ಕೆಳಗಿನ ಕಲ್ಲು ಎಷ್ಟು ದೂರವಿದೆಯೆಂದು ತಿಳಿಯತೊಡಗಿತು. ಆದರೂ ನನಗೆ ನೆಮ್ಮದಿ ಎಂಬುದು ಇರಲಿಲ್ಲ. ಮಡಿಲಲ್ಲಿ ಕೆಂಡ ಕಟ್ಟಿಕೊಂಡವನ ಹಾಗೆ ಓಡಾಡಿದೆ. ಅತ್ತೆಯ ಗುಟ್ಟು ಇಂದುವಿಗೆ ತಿಳಿದರೆ ಎಂದು ಹೆದರಿಕೆ, ತಿಳಿಯದೆ ಇನ್ನೊಮ್ಮೆ ಬಿದ್ದರೆ ಎಂದು ಇನ್ನೂ ದೊಡ್ಡ ಹೆದರಿಕೆ.

ದಿನ ತುಂಬುವ ಮುಂಚೆಯೇ, ಒಂದು ದಿನ ಬೆಳಕು ಮೂಡುವ ಹೊತ್ತಿಗೆ ಇಂದುವಿಗೆ ನೋವು ಶುರುವಾಯಿತು. ಕಿಟಕಿಯಿಂದ ಕೂಗಿ, ಬಾಗಿಲಿನ ಬೀಗದ ಕೈ ಕೆಳಕ್ಕೆ ಎಸೆದು, ಎದುರುಮನೆಯವರ ಕೈಲಿ ಹೇಳಿಕಳುಹಿಸಿದೆವು. ಫಿಲೋಮಿನಮ್ಮ ತಮ್ಮ ಚೀಲ ಹಿಡಿದು ಬಂದು ಮೆಟ್ಟಿಲ ಬುಡದಲ್ಲಿ ನಿಂತರು. ಕೂಗದೆ ಯಾರೂ ಹತ್ತುವಂತಿಲ್ಲ. ಕತ್ತಲಲ್ಲಿ ಹತ್ತಿ ನರ್ಸೇ ಉರುಳಿಬಿದ್ದ ಕಥೆಗಳು ಊರಿನಲ್ಲಿವೆ. ಇಂದು ನನ್ನ ಮುಂಗೈಯನ್ನು ಉಗುರು ನೆಡುವ ಹಾಗೆ ಹಿಡಿದುಕೊಂಡಿದ್ದಳು, ಬಿಡಿಸಿಕೊಳ್ಳಲಾಗಲಿಲ್ಲ. ಅತ್ತೆ ಒಬ್ಬರೇ ಮೆಟ್ಟಿಲ ಕಡೆ ಹೋದರು. ಬಾಗಿಲಿನಲ್ಲಿ ತಿರುಗಿ ನನ್ನನ್ನು ಒಂದು ಸಲ ನೋಡಿದರು.

ಕೂಗು ಬರಲಿಲ್ಲ. ಕೆಳಗಿನಿಂದ ಫಿಲೋಮಿನಮ್ಮ, ಏನಾಯಿತು, ಹತ್ತಲೋ ಬೇಡವೋ ಎಂದು ಕೇಳಿದರು. ಹೊರಗೆ ಸೇರಿದ್ದ ನೆರೆಯವರ ಗುಸುಗುಸು ಕೇಳಿಸಿತು. ಅತ್ತೆ ಒಂದು ಅಂದಾಜು ಹೇಳಿದ್ದರೆ ಸಾಕಿತ್ತು. ಅದೃಷ್ಟವಿದ್ದರೆ ಅದು ಸರಿಯೂ ಇರುತ್ತಿತ್ತು, ಅವರು ಮೇಲೆಯೇ ಉಳಿಯುತ್ತಿದ್ದರು. ಅವರು ಮೆಟ್ಟಿಲ ತಲೆಯಲ್ಲಿ ನಿಂತೇ ಇದ್ದರು. ಆಮೇಲೆ ಇಪ್ಪತ್ತು ವರ್ಷ ಮೆಟ್ಟಿಲು ಕೂಗಿದ ಅದೇ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

"ನನ್ನ ಕಾಲು ಸತ್ತೋಗಿದೆ. ನನಗೇನೂ ಗೊತ್ತಾಗ್ತಿಲ್ಲ. ಅಳಿಯಂದ್ರೇ, ನೀವು ಬಂದು ಕೂಗಿ."

ಇಂದು ನೋವಿನ ನಡುವೆಯೂ ತಲೆಯೆತ್ತಿ ಅಮ್ಮಾ ಎಂದಳು. ಆಮೇಲೆ ನನ್ನ ಕೈ ಬಿಟ್ಟಳು.

ನಾನು ಇಳಿದೆ. ಈ ಸಲ ಒತ್ತಲು ಅತ್ತೆಯ ಕೈಯಿರಲಿಲ್ಲ, ನನ್ನ ಬಾಯಿಂದಲೇ ಬರಬೇಕಿತ್ತು. ಮೊದಲನೇದು ಸರಿ ಎಂದೆ, ದನಿ ಕೀರಲಾಯಿತು. ಎರಡನೇದು ಗಿಡ್ಡ. ಕಾಲಡಿಯ ಗಂಬಳಿ ತೆಳ್ಳಗೆ, ಬಿಗಿಯಾಗಿ, ಕಲ್ಲು ಹೇಳಿದ್ದನ್ನು ಹೇಳಿದ ಹಾಗೆಯೇ ತಲುಪಿಸುತ್ತಿತ್ತು. ತಿರುವಿನದು ಎತ್ತರ, ಬಹಳ ಎತ್ತರ, ಗೋಡೆ ಹಿಡಿಯಿರಿ ಎಂದು ಕೂಗಿದೆ. ಕೆಳಗೆ ಮುಟ್ಟಿ ಪಕ್ಕಕ್ಕೆ ಸರಿದು ನಿಂತೆ. ಫಿಲೋಮಿನಮ್ಮ ಸೀರೆ ಎತ್ತಿ ಕಟ್ಟಿ, ನಾನು ಹೇಳಿದ ಹಾಗೆಯೇ ಹೆಜ್ಜೆ ಇಡುತ್ತಾ ಹತ್ತಿ ಹೋದರು, ಎಲ್ಲೂ ಎಡವಲಿಲ್ಲ. ಅವರು ಹತ್ತಿದ ಮೇಲೆ ಅತ್ತೆ ಇಳಿದರು. ಯಾರೂ ಇಳಿಯಿರಿ ಎನ್ನಲಿಲ್ಲ, ಊರಿನ ಪದ್ಧತಿ ಅವರಿಗೆ ಗೊತ್ತಿತ್ತು. ನಾನು ಕೈ ಚಾಚಿದರೂ ಹಿಡಿಯಲಿಲ್ಲ. ಗೋಡೆ ಸವರುತ್ತಾ, ನಾನು ಕೂಗಿದ್ದನ್ನೇ ತುಟಿಯಲ್ಲಿ ಹೇಳಿಕೊಳ್ಳುತ್ತಾ ಇಳಿದು, ನನ್ನ ಯಂತ್ರದ ಪಕ್ಕದ ಬೆಂಚಿನ ಮೇಲೆ ಕೂತರು.

ಬಿಸಿಲು ಏರುವ ಹೊತ್ತಿಗೆ ಮೇಲಿನಿಂದ ಅಳು ಕೇಳಿತು. ಛಾವಣಿಯ ಹಲಗೆಗಳ ಆಚೆಯಿಂದ, ಸಣ್ಣಗೆ, ಸಿಟ್ಟಿನ ಅಳು. ನಾನು ಓಡಿ ಹತ್ತಿದೆ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದರು. ಮಗುವಿನ ಮುಖ ನೋಡಿ ನನಗೆ ಅಳು ಬಂತು. ಅಳುತ್ತಿರುವಾಗಲೇ ಕೆಳಗಿನ ಬೆಂಚಿನ ಮೇಲಿನ ಅತ್ತೆ ನೆನಪಾದರು. ಅವರು ಕತ್ತು ಮೇಲೆತ್ತಿ ಛಾವಣಿ ನೋಡುತ್ತಿರುತ್ತಾರೆಂದು ನನಗೆ ಗೊತ್ತಿತ್ತು. ಮಗುವನ್ನು ಕೆಳಗೆ ಒಯ್ಯುತ್ತೇನೆ ಎಂದೆ. ಫಿಲೋಮಿನಮ್ಮ ಬೆಚ್ಚಿಬಿದ್ದರು. ಮೂರು ತಿಂಗಳು ತುಂಬದ ಮಗುವನ್ನು ಈ ಊರಿನಲ್ಲಿ ಯಾರೂ ಮೆಟ್ಟಿಲಿಗೆ ಒಯ್ದದ್ದಿಲ್ಲ, ಬೇಡವೇ ಬೇಡ ಎಂದರು. ನಾನು ಇಂದುವಿನ ಮುಖ ನೋಡಿದೆ. ಅವಳು ಬೇಡವೆಂದಿದ್ದರೆ ನಿಲ್ಲುತ್ತಿದ್ದೆ.

"ಮೆಟ್ಟಿಲು ಕೂಗಿದ್ದು ನೀವೇ ಅಲ್ವಾ?" ಎಂದಳು. "ಎತ್ಕೊಂಡು ಹೋಗಿ. ಅಮ್ಮ ಕಾಯ್ತಿರ್ತಾಳೆ."

ಇಷ್ಟು ದಿನ ಆ ಮೆಟ್ಟಿಲ ಮೇಲೆ ಓಡಿದವನು ಈ ಸಲ ಓಡಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿದ ಮಗುವನ್ನು ಎದೆಗೊತ್ತಿ ಹಿಡಿದಿದ್ದರಿಂದ ನನ್ನ ಕಾಲು ನನಗೆ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಕೆಳಗೆ ಬಂದಾಗ ಬಾಗಿಲಲ್ಲಿ ನೆರೆಯವರು ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದರು. ಅತ್ತೆ ಎದ್ದು ನಿಂತರು, ಮತ್ತೆ ಕೂತರು. ಮಡಿಲಲ್ಲಿ ಮಗುವನ್ನು ಇಟ್ಟೆ. ಹೆಣ್ಣೋ ಗಂಡೋ ಎಂದು ಅವರು ಕೇಳಲಿಲ್ಲ. ಮುಖವನ್ನೂ ಆಮೇಲೆ ನೋಡಿದರು. ಮೊದಲು ಸೀರೆಯ ಮಡಿಕೆ ಬಿಡಿಸಿ, ಕೆಂಪಗಿದ್ದ ಪುಟ್ಟ ಪಾದವನ್ನು ಹೊರಗೆ ತೆಗೆದು, ಅಂಗಾಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಮಗು ಬೆರಳುಗಳನ್ನೆಲ್ಲ ಮುದುಡಿ ಕಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಿತು.

"ಗೊತ್ತಾಗುತ್ತೆ," ಎಂದರು ಅತ್ತೆ. "ಇವಳಿಗೆ ಗೊತ್ತಾಗುತ್ತೆ."